2008ರ ಸ್ವಿಫ್ಟ್: ಬ್ರೇಕ್ ಪ್ಯಾಡ್ ಮಾತ್ರ ಸಾಕೇ, ಡಿಸ್ಕ್ ಕೂಡ ಬದಲಿಸಬೇಕೇ?

ತುಂಗಾತೀರ
ನಮ್ಮದು 2008ರ ಪೆಟ್ರೋಲ್ ಸ್ವಿಫ್ಟ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ್ದು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಆಗಾಗ ಹೋಗಬೇಕಾಗುತ್ತದೆ. ಜೊತೆಯಲ್ಲಿ ಅಪ್ಪ, ಅಮ್ಮ ಇರುತ್ತಾರೆ. ಈಚೆಗೆ ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಎಡಚಕ್ರದಿಂದ ಕಿರುಗುಟ್ಟುವ ಸದ್ದು ಬರುತ್ತದೆ. ಒಬ್ಬ ಮೆಕ್ಯಾನಿಕ್, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಹೊಸದು ಹಾಕಿದರೆ ಸಾಕು ಎಂದರು. ಇನ್ನೊಬ್ಬರು ಡಿಸ್ಕ್ ಬೆಂಡ್ ಆಗಿದೆ, ಲೇತ್ ಹೊಡೆಸೋಣ (ಯಂತ್ರದಲ್ಲಿ ಮೇಲ್ಮೈ ಕೆತ್ತಿಸಿ ಸಮ ಮಾಡಿಸೋಣ) ಎಂದರು. ಮೂರನೆಯವರು ಎರಡೂ ಹೊಸದು ಹಾಕದಿದ್ದರೆ ಕೆಲಸವನ್ನೇ ಮುಟ್ಟುವುದಿಲ್ಲ ಎಂದರು. ಮೂವರೂ ಅನುಭವಸ್ಥರೇ. ಗಾಡಿಯನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದೆ. ಯಾರ ಮಾತು ಕೇಳಲಿ?

ಐದನೇ ಗೇರ್
ತೂತು ಕೊರೆದ ಡಿಸ್ಕ್, ಸೆರಾಮಿಕ್ ಪ್ಯಾಡ್ ತರಿಸಿ ಹಾಕಿಬಿಡಿ. ಬೇಗ ತಣ್ಣಗಾಗುತ್ತದೆ, ಚಕ್ರದ ಮೇಲೆ ಕಪ್ಪು ಪುಡಿ ಕೂರುವುದಿಲ್ಲ, ನೋಡಲೂ ಚೆನ್ನಾಗಿರುತ್ತದೆ. ಒಮ್ಮೆ ಖರ್ಚು ಮಾಡಿದರೆ ಮತ್ತೆ ತಲೆಬಿಸಿ ಇಲ್ಲ.

ಜೆ.ಸಿ. ರಸ್ತೆಯ ಹಳಬ
ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆ ನರೆತವನು ನಾನು. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು "ಯಾವ ಕಂಪನಿ ಒಳ್ಳೆಯದು?" ಎಂದು. ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಎಂದು ತಿಳಿದುಕೊಂಡು ಬರುವವರು ಅಪರೂಪ.

ತುಂಗಾತೀರ ಅವರೇ, ಆ ಮೂವರಲ್ಲಿ ಯಾರಾದರೂ ಚಕ್ರ ಬಿಚ್ಚಿ ಅಳತೆ ತೆಗೆದರೇ? ತೆಗೆಯದಿದ್ದರೆ ಮೂರೂ ಊಹೆಯೇ. ಡಿಸ್ಕಿನ ನಡುವಿನ ಟೋಪಿಯಂಥ ಭಾಗದ ಮೇಲೋ ಅಂಚಿನಲ್ಲೋ ಕನಿಷ್ಠ ದಪ್ಪ ಇಷ್ಟು ಮಿಲಿಮೀಟರ್ ಎಂದು ಅಚ್ಚು ಹಾಕಿರುತ್ತಾರೆ. ತುಕ್ಕು ಉಜ್ಜಿದರೆ ಕಾಣುತ್ತದೆ. ಹೊಸ ಡಿಸ್ಕಿಗೂ ಆ ಕನಿಷ್ಠಕ್ಕೂ ಸಾಮಾನ್ಯವಾಗಿ ಎರಡು ಮಿಲಿಮೀಟರ್ ಆಸುಪಾಸಿನ ಅಂತರವಷ್ಟೇ ಇರುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಎರಡು ಮಿಲಿಮೀಟರಿನಲ್ಲೇ ಇದೆ.

ವರ್ನಿಯರ್ ನೇರವಾಗಿ ಹಿಡಿಯಬೇಡಿ. ಸವೆದ ಡಿಸ್ಕಿನ ಅಂಚಿನಲ್ಲಿ ಪ್ಯಾಡ್ ತಾಗದ ಕಡೆ ದಂಡೆ ಎದ್ದಿರುತ್ತದೆ. ವರ್ನಿಯರ್ ಆ ದಂಡೆಯನ್ನೇ ಅಳೆದು ದಪ್ಪ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿಟ್ಟು ಅಳೆಯಿರಿ, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ಸುತ್ತಲೂ ಐದಾರು ಕಡೆ ಅಳೆಯಬೇಕು.

ಇನ್ನು ಐದನೇ ಗೇರ್ ಅವರೇ, ಹಿಂದಿನ ಕಾಲದ ರೇಸ್ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದವು, ಅದಕ್ಕೆ ದಾರಿ ಮಾಡಿಕೊಡಲು ತೂತು ಕೊರೆಯುತ್ತಿದ್ದರು. ಇಂದಿನ ಪ್ಯಾಡಿಗೆ ಆ ರೋಗ ಬಹುಮಟ್ಟಿಗೆ ಇಲ್ಲ. ಅಗ್ಗದ ತೂತಿನ ಡಿಸ್ಕಿನಲ್ಲಿ ಬಿರುಕು ಹುಟ್ಟುವುದು ತೂತಿನ ಅಂಚಿನಿಂದಲೇ. ಶಾಖ ಹೀರಬೇಕಾದ ಕಬ್ಬಿಣವನ್ನೇ ಕೊರೆದು ತೆಗೆದರೆ ಘಾಟಿಯಲ್ಲಿ ಏನು ಲಾಭ?

ಲೆಕ್ಕದ ಮೇಷ್ಟ್ರು
ಶಾಖದ ಮಾತು ಬಂದಿದ್ದರಿಂದ ಒಂದು ಸಣ್ಣ ಲೆಕ್ಕ. ನಾಲ್ಕು ಜನ ಮತ್ತು ಸಾಮಾನು ಸೇರಿ ಗಾಡಿ 1,300 ಕಿಲೋ ಎಂದುಕೊಳ್ಳಿ. 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 64 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಯೂನಿಟ್. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು. ಎಂಜಿನ್ ತಡೆಯದಿದ್ದರೆ ಅದರಲ್ಲಿ ಬಹುಪಾಲು ಬ್ರೇಕಿಗೆ ಹೋಗುತ್ತದೆ, ಬ್ರೇಕಿನ ಪಾಲಿನಲ್ಲಿ ಸುಮಾರು ಶೇ. 70 ಮುಂದಿನ ಎರಡು ಡಿಸ್ಕಿಗೆ.

ಡಿಸ್ಕ್ ಒಂದಕ್ಕೆ ಐದು ಕಿಲೋ ಎಂದಿಟ್ಟುಕೊಂಡು, ಗಾಳಿಗೆ ಆರುವುದನ್ನು ಮರೆತು ಲೆಕ್ಕ ಹಾಕಿದರೆ ತಾಪ ಎಂಟುನೂರು ಡಿಗ್ರಿ ದಾಟುತ್ತದೆ. ನಿಜವಾಗಿ ಅಷ್ಟು ಏರುವುದಿಲ್ಲ, ಏಕೆಂದರೆ ಇಳಿಯುತ್ತಿದ್ದಂತೆಯೇ ಅದು ಆರುತ್ತಲೂ ಇರುತ್ತದೆ. ಆದರೆ ಡಿಸ್ಕ್ ತೆಳುವಾದಷ್ಟೂ ಅದೇ ಶಾಖಕ್ಕೆ ಹೆಚ್ಚು ಕಾಯುತ್ತದೆ. ಕನಿಷ್ಠ ದಪ್ಪ ಎಂಬ ಅಂಕಿಯ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು. ಅದನ್ನು ಕಂಪನಿಯವರು ಡಿಸ್ಕ್ ಮಾರಲು ಕಟ್ಟಿದ ಕಥೆ ಎಂದು ತಳ್ಳಿಹಾಕಬೇಡಿ.

ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿದರೆ ಈ ಲೆಕ್ಕದ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಮಹಾನುಭಾವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಷನ್ ಗಾಡಿ ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತದೆ.

ಚಾರ್ಮಾಡಿ ಕಾಫಿ
ಮೇಷ್ಟ್ರ ಲೆಕ್ಕಕ್ಕೆ ಇನ್ನೊಂದು ಸೇರಿಸುತ್ತೇನೆ. ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಇಳಿಯುವ ಗಾಡಿಗಳು ಚಾರ್ಮಾಡಿಯ ಬುಡದಲ್ಲಿ ಹೊಗೆ ಕಾರುತ್ತಾ ನಿಂತಿರುವುದನ್ನು ನೋಡುತ್ತಲೇ ಬೆಳೆದವಳು ನಾನು. ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಜನ ಒಂದೇ ಎಂದುಕೊಳ್ಳುತ್ತಾರೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಎರಡನೆಯದು ಹೆಚ್ಚು ಭಯಂಕರ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ಎಂಬುದು ಆಯಿಲಿನ ದರ್ಜೆ. ಡಾಟ್ 3ರ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ, ತೇವ ಸೇರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ! ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಕಾಫಿ ಬಣ್ಣಕ್ಕೆ ತಿರುಗಿದ ಹಳೆಯ ಆಯಿಲ್ ಹಾಗೆಯೇ ಇದ್ದರೆ ಘಾಟಿಯಲ್ಲಿ ಪ್ರಯೋಜನವಿಲ್ಲ. ಡಾಟ್ 5 ಎಂಬುದು ಸಿಲಿಕೋನ್, ಡಾಟ್ 3, 4ರ ಜೊತೆ ಬೆರೆಸುವಂತಿಲ್ಲ. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯದು, ಅದು ಡಾಟ್ 4ರ ಜಾತಿಯದೇ.

ಪಾನಾ ನಂಬರ್ 14
ಸರ್, ಗ್ಯಾರೇಜಿನವನಾಗಿ ಹೇಳುತ್ತೇನೆ. ಎಡಚಕ್ರದಲ್ಲಿ ಮಾತ್ರ ಸದ್ದು ಎಂದಿರಿ. ಎರಡೂ ಕಡೆ ಒಂದೇ ದಿನ ಹಾಕಿದ ಪ್ಯಾಡ್ ಒಂದೇ ಕಡೆ ಮೊದಲು ಮುಗಿದಿದ್ದರೆ ತಪ್ಪು ಪ್ಯಾಡಿನದಲ್ಲ. ಚಕ್ರ ಬಿಚ್ಚಿಸಿ ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಹೋಲಿಸಿ ನೋಡಿ. ಒಳಗಿನದು ಸವೆದು ಹೊರಗಿನದು ದಪ್ಪವಿದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಜಾರುವ ಪಿನ್ ಜಾಮ್ ಆಗಿದೆ ಎಂದೇ ಹೆಚ್ಚಿನ ಅನುಮಾನ. ಕ್ಯಾಲಿಪರ್ ಅತ್ತಿತ್ತ ಜಾರಲು ಆಗದೆ ಪಿಸ್ಟನ್ ಬದಿಯ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡುತ್ತಿರುತ್ತದೆ. ಆ ಪಿನ್ ಬಿಡಿಸದೆ ಚಿನ್ನದ ಪ್ಯಾಡ್ ಹಾಕಿದರೂ ಹೀಗೇ ಆಗುತ್ತದೆ.

ಪಿನ್‌ಗೆ ಬ್ರೇಕಿನದೇ ಸಿಲಿಕೋನ್ ಗ್ರೀಸ್ ಹಾಕಬೇಕು. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಮತ್ತೆ ಹಿಡಿಯುತ್ತದೆ. ಪಿಸ್ಟನ್ ಸುತ್ತಲಿನ ರಬ್ಬರ್ ಹರಿದಿದೆಯೇ ನೋಡಿ. ಇಷ್ಟು ಹಳೆಯ ಗಾಡಿಯಲ್ಲಿ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಹೋಸನ್ನೂ ಅನುಮಾನಿಸಬೇಕು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಕಾಲು ತೆಗೆದ ಮೇಲೂ ಒತ್ತಡ ಹಿಡಿದಿಡುತ್ತದೆ. ಹಾಗಾದ ಚಕ್ರ ಸುಮ್ಮನೆ ಓಡಿಸಿದರೂ ಕಾಯುತ್ತದೆ.

ಡಿಸ್ಕ್ ವಿಷಯ: ದಪ್ಪ ಇದ್ದರೆ ಲೇತ್ ಹೊಡೆಸಿ. ಎಲ್ಲದಕ್ಕೂ ಹೊಸದು ಹಾಕಿ ಎನ್ನುವುದು ಗಿರಾಕಿಗೆ ಅನ್ಯಾಯ.

ಉಪ್ಪುಗಾಳಿ
ಮಲ್ಪೆಯವನು. ಲೇತ್‌ಗೆ ಕಳಿಸುವ ಮೊದಲು ಒಂದು ಮಾತು. ಡಿಸ್ಕ್ ಬೆಂಡ್ ಆಗಿದೆ ಎನ್ನುವುದು ಬಹಳ ಸಲ ನಿಜವಲ್ಲ. ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕಿನ ಪದರ ಇದ್ದರೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗ ಪ್ಯಾಡಿಗೆ ಸವರುತ್ತಾ ಹೋಗಿ, ಸಾವಿರಾರು ಕಿಲೋಮೀಟರ್ ಆದ ಮೇಲೆ ಅಲ್ಲಿ ಡಿಸ್ಕ್ ತೆಳುವಾಗುತ್ತದೆ. ಸ್ಟಿಯರಿಂಗ್ ನಡುಗುವುದು ಈ ದಪ್ಪದ ವ್ಯತ್ಯಾಸದಿಂದ. ಘಾಟಿ ಇಳಿದು ಕಾದ ಡಿಸ್ಕ್ ಮೇಲೆ ಕಾಲು ಒತ್ತಿಯೇ ನಿಂತರೆ ಪ್ಯಾಡಿನ ವಸ್ತು ಒಂದೇ ಕಡೆ ಅಂಟಿ ಕೂಡ ಇದೇ ಲಕ್ಷಣ ಬರಬಹುದು.

ಹೊಸ ಡಿಸ್ಕನ್ನು ತುಕ್ಕು ಹಿಡಿದ ಹಬ್ ಮೇಲೆ ಕೂರಿಸಿದರೆ ಸ್ವಲ್ಪ ದಿನ ಚೆನ್ನಾಗಿದ್ದು ನಡುಕ ಮತ್ತೆ ಬರುತ್ತದೆ. ಆಗ ಬೈಗುಳ ಬೀಳುವುದು ಡಿಸ್ಕ್ ಮಾಡಿದವರ ಮೇಲೆ. ನಮ್ಮೂರಿನ ಗಾಳಿಗೆ ಹಬ್ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಹೇಳಬೇಕಾಗಿಲ್ಲ. ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಬೇಕು, ಡಯಲ್ ಗೇಜ್ ಇಟ್ಟು ಡಿಸ್ಕ್ ಎಷ್ಟು ಓಲಾಡುತ್ತದೆ ಎಂದು ನೋಡಬೇಕು. 0.05 ಮಿ.ಮೀ. ಒಳಗೆ ಇದ್ದರೆ ನೆಮ್ಮದಿ.

ಪಾನಾ ನಂಬರ್ 14
ಡಯಲ್ ಗೇಜ್ ಎಲ್ಲ ಗ್ಯಾರೇಜಿನಲ್ಲಿ ಎಲ್ಲಿರುತ್ತದೆ ಅಣ್ಣ? ಆದರೆ ಹಬ್ ಉಜ್ಜುವ ಮಾತಿಗೆ ನನ್ನದೂ ಒಪ್ಪಿಗೆ. ಚಕ್ರದ ನಟ್ಟನ್ನು ಏರ್ ಗನ್‌ನಿಂದ ಬೇಕಾಬಿಟ್ಟಿ ಬಿಗಿಯುವುದೂ ಇದೇ ಕೆಲಸ ಮಾಡುತ್ತದೆ. ಪಂಕ್ಚರ್ ಅಂಗಡಿಯಲ್ಲಿ ನಿಂತು, ಎದುರುಬದುರಾಗಿ ಬಿಗಿಯುವಂತೆ ಹೇಳಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಇಂದು ಎರಡೂ ಮುಂದಿನ ಚಕ್ರ ಬಿಚ್ಚಿಸಿ ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆ ಒಳಗಿನ ಪ್ಯಾಡ್ ಬಹುತೇಕ ಲೋಹಕ್ಕೆ ಬಂದಿದೆ, ಹೊರಗಿನದು ಅರ್ಧ ಉಳಿದಿದೆ. ಪಾನಾ ಅವರು ಹೇಳಿದ ಹಾಗೆ ಕೆಳಗಿನ ಪಿನ್ ಸುತ್ತಿಗೆಯ ಏಟಿಗೂ ಜಗ್ಗಲಿಲ್ಲ. ಕಿರುಗುಟ್ಟುತ್ತಿದ್ದದ್ದು ಪ್ಯಾಡ್ ಸವೆದಾಗ ಸದ್ದು ಮಾಡಿ ಎಚ್ಚರಿಸುವ ತಗಡಿನ ಕಿವಿ ಡಿಸ್ಕಿಗೆ ತಾಗಿ. ಬಲಗಡೆ ಎರಡೂ ಪ್ಯಾಡ್ ಸಮವಾಗಿ ಸವೆದಿವೆ.

ಡಿಸ್ಕ್ ಅಳತೆ ನಾಣ್ಯ ಇಟ್ಟೇ ತೆಗೆದೆವು. ಅಚ್ಚಾದ ಕನಿಷ್ಠ ದಪ್ಪಕ್ಕಿಂತ ಎಡಗಡೆಯದು 0.4 ಮಿ.ಮೀ., ಬಲಗಡೆಯದು 0.6 ಮಿ.ಮೀ. ಮಾತ್ರ ಹೆಚ್ಚು. ಎಡಗಡೆಯದರಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳಿವೆ. ಬ್ರೇಕ್ ಆಯಿಲ್ ಬಣ್ಣ ಚಾರ್ಮಾಡಿ ಮೇಡಂ ಹೇಳಿದ್ದೇ. ಮೆಕ್ಯಾನಿಕ್ ಇನ್ನೂ ಲೇತ್ ಹೊಡೆಸಬಹುದು ಎನ್ನುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು
ಆ ಗೀರು ಹೋಗಬೇಕಾದರೆ ಒಂದೊಂದು ಬದಿಗೆ 0.2 ತೆಗೆದರೂ ಎಡಗಡೆಯ ಡಿಸ್ಕ್ ಕನಿಷ್ಠಕ್ಕೇ ಬಂದು ನಿಲ್ಲುತ್ತದೆ. ಲೇತ್‌ನಿಂದ ಇಳಿದ ದಿನವೇ ಆಯುಸ್ಸು ಮುಗಿದ ಡಿಸ್ಕ್. ಆಮೇಲೆ ಹೊಸ ಪ್ಯಾಡ್ ಸವೆಯುವವರೆಗೂ ಅದು ಕನಿಷ್ಠಕ್ಕಿಂತ ಕೆಳಗೇ ಓಡಬೇಕು.

ಪಾನಾ ನಂಬರ್ 14
ಈ ಅಳತೆಗೆ ನಾನೂ ಲೇತ್ ಎನ್ನುವುದಿಲ್ಲ. ಎರಡೂ ಡಿಸ್ಕ್ ಹೊಸದು ಹಾಕಿ. ಒಂದೇ ಕಡೆ ಹಾಕಿ ಹಣ ಉಳಿಸುವ ಯೋಚನೆ ಬೇಡ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಹೊಸ ಡಿಸ್ಕಿಗೆ ಹಳೆಯ ಪ್ಯಾಡನ್ನೂ ಹಾಕಬೇಡಿ, ಅದು ಹಳೆಯ ಡಿಸ್ಕಿನ ಏರುತಗ್ಗಿಗೆ ತಕ್ಕಂತೆ ಸವೆದಿರುತ್ತದೆ. ಒಂದೊಂದು ಕಡೆ ಒಂದೊಂದು ಮಿಲಿಮೀಟರ್ ಹೆಚ್ಚು ಇದ್ದಿದ್ದರೆ ಮಾತ್ರ ನಿಮ್ಮ ಎರಡನೇ ಮೆಕ್ಯಾನಿಕ್ ಹೇಳಿದ್ದೇ ಸರಿ ಎನ್ನುತ್ತಿದ್ದೆ. ನಿಜವಾಗಿಯೂ ಲೇತ್ ಕೆಟ್ಟದ್ದಲ್ಲ.

ತುಂಗಾತೀರ
ಸರಿ, ಡಿಸ್ಕ್ ಜೋಡಿ ಹೊಸದು. ಈಗ ಪ್ಯಾಡ್ ಯಾವುದು? ಅಂಗಡಿಯಲ್ಲಿ ಮಾರುತಿ ಜೆನ್ಯೂನ್ ಇದೆ, ಬಾಷ್ ಇದೆ, ರಾನೆ ಇದೆ, ಹೆಸರೇ ಕೇಳದ ಇನ್ನೆರಡು ಡಬ್ಬಿಗಳೂ ಇವೆ.

ಜೆ.ಸಿ. ರಸ್ತೆಯ ಹಳಬ
ಕೊನೆಯ ಎರಡು ಡಬ್ಬಿಗಳನ್ನು ಮರೆತುಬಿಡಿ. ಉಳಿದ ಮೂರರಲ್ಲಿ ಯಾವುದು ಅಸಲಿಯಾಗಿ ಸಿಗುತ್ತದೋ ಅದು. ಚೆನ್ನೈನ ರಾನೆ, ಬ್ರೇಕ್ಸ್ ಇಂಡಿಯಾದಂಥವರು ಕಾರು ಕಂಪನಿಗಳಿಗೇ ಬ್ರೇಕ್ ಸಾಮಾನು ಮಾಡಿಕೊಡುವವರು. ಕಂಪನಿಯ ಡಬ್ಬಿ ಇಲ್ಲದಿದ್ದರೆ ಮಾಲು ಕೆಳದರ್ಜೆಯದು ಎಂದು ತಿಳಿಯಬೇಕಾಗಿಲ್ಲ. ನಕಲಿ ಹೆಚ್ಚು ಬರುವುದು ಹೆಸರುವಾಸಿ ಡಬ್ಬಿಗಳಲ್ಲೇ. ಜಿಎಸ್‌ಟಿ ಬಿಲ್ ಕೊಡುವುದಿಲ್ಲ ಎಂದರೆ ಹೊರಟು ಬನ್ನಿ.

ಪ್ಯಾಡಿನ ಲೋಹದ ತಟ್ಟೆಯ ಮೇಲೋ ಅಂಚಿನಲ್ಲೋ ಉದ್ದದ ಸಂಖ್ಯೆಯ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಎಲ್ಲದರಲ್ಲೂ ಇರುವುದಿಲ್ಲ, ಇದ್ದರೆ ಓದಿ. ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಕಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ನಿಮಗೆ ಎಫ್‌ಎಫ್ ಸಾಕು. ಎಫ್‌ಇ ಎಂದಿದ್ದರೆ ಕಾದಾಗ ಹಿಡಿತ ಕುಸಿಯುತ್ತದೆ ಎಂದೇ ಅರ್ಥ, ಘಾಟಿಯವರಿಗೆ ಅದು ಬೇಡ. ಆದರೆ ಈ ಅಕ್ಷರ ನೋಡಿ ಪ್ಯಾಡಿನ ಬಾಳಿಕೆಯಾಗಲಿ ಸದ್ದಾಗಲಿ ಹೇಳಲಾಗದು.

ವಸ್ತುವಿನ ಲೆಕ್ಕದಲ್ಲಿ ಹೇಳುವುದಾದರೆ, ಲೋಹ ಕಡಿಮೆ ಇರುವ ಆರ್ಗಾನಿಕ್ ಪ್ಯಾಡ್ ಮೃದು, ಸದ್ದಿಲ್ಲ, ಡಿಸ್ಕನ್ನು ಕಡಿಮೆ ತಿನ್ನುತ್ತದೆ, ತುಂಬಾ ಕಾದರೆ ಬೇಗ ಸೋಲುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ತೂಕದ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದವರೆಗೆ ಲೋಹ ಇರುತ್ತದೆ. ಶಾಖ ತಡೆಯುತ್ತದೆ, ಆದರೆ ಬೆಳಗಿನ ಚಳಿಯಲ್ಲಿ ಕಿರುಚುತ್ತದೆ, ಡಿಸ್ಕನ್ನೂ ಸವೆಸುತ್ತದೆ. ಸೆರಾಮಿಕ್ ಶುಚಿ, ಶಾಂತ, ದುಬಾರಿ. ಊರೊಳಗೆ ಓಡಾಡುವ ದೊಡ್ಡ ಕಾರಿನವರಿಗೆ ಅದು ಸರಿ. ತಯಾರಕರು ಮೊದಲು ಹಾಕಿದ ದರ್ಜೆಯದೇ ನಿಮ್ಮ ಗಾಡಿಯಲ್ಲಿ ಪೆಡಲ್ ಒತ್ತಡ ಹೆಚ್ಚಿಸುವ ಬೂಸ್ಟರ್‌ಗೂ ಹಿಂದಿನ ಚಕ್ರಗಳ ಡ್ರಮ್ ಬ್ರೇಕಿಗೂ ಹೊಂದುವುದು. ಅಗ್ಗದ ಡಬ್ಬಿಗೂ ಒಳ್ಳೆಯದಕ್ಕೂ ಇರುವ ಅಂತರ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ.

ಐದನೇ ಗೇರ್
ಹಾಗಾದರೆ ಘಾಟಿಗೆ ಜಿಜಿ ಇನ್ನೂ ಒಳ್ಳೆಯದಲ್ಲವೇ? ಹಿಡಿತ ಹೆಚ್ಚಾದರೆ ತಪ್ಪೇನು?

ಲೆಕ್ಕದ ಮೇಷ್ಟ್ರು
ಅವರ ಗಾಡಿಗೆ ಎಬಿಎಸ್ ಇಲ್ಲ. ನಮ್ಮಲ್ಲಿ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಆಗುಂಬೆಯ ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಮುಂದಿನ ಚಕ್ರ ಸ್ವಲ್ಪ ಒತ್ತಡಕ್ಕೇ ಲಾಕ್ ಆದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ತಿರುವಿನ ಆಚೆ ಏನಿದೆ ಎಂದು ನಿಮಗೂ ಗೊತ್ತು. ಗಾಡಿಯನ್ನು ನಿಲ್ಲಿಸುವುದು ಕೊನೆಗೂ ಟೈರ್. ಜಿಜಿಗೆ ಹಾಕುವ ಹಣವನ್ನು ಹಳೆಯ ಟೈರ್ ಬದಲಿಸಲು ಹಾಕಲಿ. ರೇಸ್ ಪ್ಯಾಡ್ ಅಂತೂ ಕಾಯುವವರೆಗೆ ಸರಿಯಾಗಿ ಹಿಡಿಯುವುದೇ ಇಲ್ಲ.

ಐದನೇ ಗೇರ್
ಮಳೆಯ ವಿಷಯ ಒಪ್ಪಿದೆ. ಸೆರಾಮಿಕ್ ವಿಷಯ ಒಪ್ಪಿಲ್ಲ. ನನ್ನ ಗಾಡಿಯಲ್ಲಿ ಚೆನ್ನಾಗಿಯೇ ಓಡುತ್ತಿದೆ.

ಚಾರ್ಮಾಡಿ ಕಾಫಿ
ಪ್ಯಾಡ್ ಬಿಚ್ಚುವಾಗ ಆ ಕಪ್ಪು ಪುಡಿಯನ್ನು ಗಾಳಿ ಪೈಪಿನಿಂದ ಊದಲು ಬಿಡಬೇಡಿ. ಹಿಂದೆ ಪ್ಯಾಡುಗಳಲ್ಲಿ ಬಳಸುತ್ತಿದ್ದ, ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರನ್ನು ಯುರೋಪಿಯನ್ ಒಕ್ಕೂಟ 2005ರಲ್ಲೇ ಪೂರ್ತಿ ನಿಷೇಧಿಸಿತು, ನಮ್ಮಲ್ಲಿ ಅಂಥ ಪೂರ್ಣ ನಿಷೇಧವಿಲ್ಲ. ಹಿಂದೆ ಯಾರು ಏನು ಹಾಕಿದ್ದರೋ ತಿಳಿಯದ ಗಾಡಿಯಲ್ಲಿ ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆಯಾಗಿಯೇ ಒರೆಸಿಸಿ. ಕೆಲಸದ ಹುಡುಗರಿಗೆ ಮಾಸ್ಕ್ ಕೊಡಿಸಿದರೂ ಒಳ್ಳೆಯದೇ.

ಪಾನಾ ನಂಬರ್ 14
ಮೇಡಂ ಹೇಳಿದ್ದು ಸರಿ, ನಮ್ಮ ಶ್ವಾಸಕೋಶದ ಬಗ್ಗೆ ಯೋಚಿಸುವವರು ಕಡಿಮೆ.

ಜೋಡಿಸುವಾಗ: ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲು ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರ್‌ನಿಂದ ತೊಳೆಯಲೇಬೇಕು. ಪಿಸ್ಟನ್ ಒಳಗೆ ತಳ್ಳುವ ಮೊದಲು ಮೇಲಿನ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆಯಿರಿ, ಉಕ್ಕಿ ಬಿದ್ದರೆ ಪೇಂಟ್ ಕಿತ್ತುಕೊಳ್ಳುತ್ತದೆ. ಪ್ಯಾಡ್ ಕೂರುವ ಕ್ಲಿಪ್ಪುಗಳನ್ನು ಹೊಸದೇ ಹಾಕಿ. ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಿ. ಗಾಡಿ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ.

ಆಮೇಲೆ ಖಾಲಿ ರಸ್ತೆಯಲ್ಲಿ ಅರವತ್ತರಿಂದ ಹದಿನೈದರ ವೇಗಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಡಿ. ಹೀಗೆ ಪ್ಯಾಡ್ ಕೂರಿಸದೆ ನೇರವಾಗಿ ಘಾಟಿಗೆ ಹೋಗಬೇಡಿ.

ತುಂಗಾತೀರ
ಕೆಲಸ ಮುಗಿಯಿತು. ತೂತಿಲ್ಲದ ಸಾದಾ ಡಿಸ್ಕ್ ಜೋಡಿ, ಎಫ್‌ಎಫ್ ಅಚ್ಚಿರುವ ಪ್ಯಾಡ್, ಎಡಗಡೆಗೆ ಹೊಸ ಪಿನ್ ಮತ್ತು ರಬ್ಬರ್, ಎರಡೂ ಹೋಸ್, ಡಾಟ್ 4 ಆಯಿಲ್. ಹಬ್ ಉಜ್ಜಿಸಿದ್ದಕ್ಕೆ ಮೆಕ್ಯಾನಿಕ್ ಸ್ವಲ್ಪ ಮುಖ ಗಂಟು ಹಾಕಿಕೊಂಡರು. ನಡುಕ ಹೋಗಿದೆ, ಸದ್ದೂ ಇಲ್ಲ. ಆದರೆ ಪೆಡಲ್ ನಾನು ಎಣಿಸಿದ್ದಕ್ಕಿಂತ ಕೆಳಗೆ ಹೋಗಿ ಹಿಡಿಯುತ್ತದೆ. ಎರಡು ಸಲ ಒತ್ತಿದರೆ ಮೇಲೆ ಬರುತ್ತದೆ. ಗಾಳಿ ಉಳಿದಿದೆಯೇ?

ಪಾನಾ ನಂಬರ್ 14
ಒತ್ತಿದಾಗ ಸ್ಪಂಜಿನ ಹಾಗೆ ಇದ್ದರೆ ಗಾಳಿ. ಗಟ್ಟಿಯಾಗಿದ್ದು ಕೆಳಗೆ ಹಿಡಿದರೆ, ಎರಡನೇ ಒತ್ತಿಗೆ ಮೇಲೆ ಬಂದರೆ, ಮೊದಲು ಹಿಂದಿನ ಡ್ರಮ್ ನೋಡಬೇಕು. ಬ್ರೇಕ್ ಶೂ ಡ್ರಮ್ಮಿನಿಂದ ದೂರ ಉಳಿದಿರುತ್ತದೆ. ತಾನೇ ಹೊಂದಿಕೊಳ್ಳುವ ಅಡ್ಜಸ್ಟರ್ ಈ ವಯಸ್ಸಿನ ಗಾಡಿಯಲ್ಲಿ ತುಕ್ಕಿನಿಂದ ಹಿಡಿದಿರುವುದು ಮಾಮೂಲು. ಡ್ರಮ್ ತೆಗೆಸಿ ಅದನ್ನು ಬಿಡಿಸಿ, ಶೂ ದಪ್ಪ ನೋಡಿ. ವೀಲ್ ಸಿಲಿಂಡರ್ ರಬ್ಬರ್ ಎತ್ತಿದಾಗ ಒದ್ದೆ ಇದ್ದರೆ ಸಿಲಿಂಡರನ್ನೂ ಬದಲಿಸಿ. ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದು ಸರಿಮಾಡುತ್ತೇವೆ ಎಂದರೆ ಬೇಡ ಎನ್ನಿ, ಅದು ಅಡ್ಡದಾರಿ.

ಬಯಲುಸೀಮೆ ವ್ಯಾಗನ್ ಆರ್
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಚಳ್ಳಕೆರೆಯವನು, ಘಾಟಿ ಕಂಡವನೇ ಅಲ್ಲ. ಹಳೆಯ ವ್ಯಾಗನ್ ಆರ್‌ಗೆ ಆನ್‌ಲೈನ್‌ನಲ್ಲಿ ಪ್ಯಾಡ್ ತರಿಸಿದೆ, ಒಂದು ಬದಿ ಕೂರುತ್ತಲೇ ಇಲ್ಲ. ಡಬ್ಬಿಯ ಮೇಲೆ ಗಾಡಿಯ ಹೆಸರು ಸರಿಯಾಗಿಯೇ ಇದೆ. ತುರಿದು ಹಾಕುತ್ತೇನೆ ಎನ್ನುತ್ತಾನೆ ಮೆಕ್ಯಾನಿಕ್.

ಜೆ.ಸಿ. ರಸ್ತೆಯ ಹಳಬ
ತುರಿಯಲು ಬಿಡಬೇಡಿ, ವಾಪಸ್ ಕಳಿಸಿ. ಹೆಸರು ಒಂದೇ ಇದ್ದರೂ ವರ್ಷಕ್ಕೆ, ಎಂಜಿನ್ನಿಗೆ ತಕ್ಕಂತೆ ಕ್ಯಾಲಿಪರ್ ಬದಲಾಗಿರಬಹುದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿಕೊಳ್ಳಿ, ಆ ಪಾರ್ಟ್ ನಂಬರಿಗೆ ಹೊಂದುವ ಪ್ಯಾಡನ್ನು ಯಾವ ಒಳ್ಳೆಯ ಕಂಪನಿಯದಾದರೂ ಕೊಳ್ಳಿ. ಹಳೆಯ ಪ್ಯಾಡ್ ಎಸೆಯದೆ ಇಟ್ಟುಕೊಂಡಿದ್ದರೆ ಅಂಗಡಿಗೆ ತೆಗೆದುಕೊಂಡು ಹೋಗಿ, ತಟ್ಟೆಯ ಮೇಲೆ ತಟ್ಟೆ ಇಟ್ಟು ನೋಡಿ. ತಗಡಿನ ಕಿವಿ ಇರುವ ಪ್ಯಾಡ್ ಒಳಗೋ ಹೊರಗೋ ಎಂಬುದನ್ನು ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.